ಈ ಚಳಿಗಾಲದಿಂದ ನಮ್ಮ ಬೊಂಬಾರ್ಡಿಯರ್ ಸರಕಿಗೆ ಮಾತ್ರ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಕೆನಡಾದ ನಮ್ಮ ವಿನಿಪೆಗ್ ಸರೋವರದ ಉತ್ತರ ಭಾಗ ಹೆಪ್ಪುಗಟ್ಟಿ ದಾರಿ ತೆರೆದ ದಿನದಿಂದ, ಹಿಮದ ಮೇಲೆ ಓಡುವ ನಮ್ಮ ಹಳೇ ಬಸ್ಸಿನಂಥ ಗಾಡಿ ಬೊಂಬಾರ್ಡಿಯರ್ ಬಿ12 ಜನರನ್ನು ಹತ್ತಿಸಿಕೊಳ್ಳುವುದಿಲ್ಲ. ನಿಮ್ಮ ಮೀನು, ಪೆಟ್ರೋಲ್, ದಿನಸಿಯಂಥ ಸರಕು ಮಾತ್ರ ಸಾಗಿಸುತ್ತದೆ. ಬಾಡಿಗೆಯ ಲೆಕ್ಕವೂ ಬದಲಾಗುತ್ತದೆ. ಟ್ರಿಪ್ಪಿಗೆ ಇಷ್ಟು ಅನ್ನುವುದು ಹೋಗಿ, ಕಿಲೋಗೆ ಇಷ್ಟು ಅಂತ ಆಗುತ್ತದೆ. ಬೇಸಿಗೆಯಲ್ಲಿ ಶೆಡ್ ಕಡೆ ಬಂದವರು ಗಾಡಿಯನ್ನು ಪೂರ್ತಿ ಬಿಚ್ಚಿ ಹಾಕಿದ್ದನ್ನು ನೋಡಿದ್ದೀರಿ. ಏನು ಮಾಡಿದೆವು, ಯಾಕೆ ಮಾಡಿದೆವು ಅಂತ ಎಲ್ಲರಿಗೂ ಒಟ್ಟಿಗೇ ತಿಳಿಸಲು ಈ ಪತ್ರ.

ಮೊದಲು, ಎಲ್ಲರೂ ಕೇಳುತ್ತಿರುವ ಪ್ರಶ್ನೆ. "ದೊಡ್ಡ ಎಂಜಿನ್ ಹಾಕಿದ್ದೀರಂತೆ, ಇನ್ನು ಎರಡರಷ್ಟು ಹೊರೆ ಹಾಕಬಹುದು ಅಲ್ವಾ?" ಆಗಲ್ಲ. ಹೊರೆ ಎಷ್ಟಿರಬೇಕು ಅಂತ ತೀರ್ಮಾನಿಸುವುದು ಕೆಳಗಿರುವ ಮಂಜುಗಡ್ಡೆ. ಎಂಜಿನ್ ಎಷ್ಟು ಎಳೆದರೂ ಗಡ್ಡೆ ತಾಳುವುದು ಅದರ ದಪ್ಪ ಇದ್ದಷ್ಟೇ.

ಈ ಲೆಕ್ಕ ನಾವು ಅಂದಾಜಿನಲ್ಲಿ ಹೇಳುತ್ತಿಲ್ಲ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿದ್ದ ಲಾರ್ನ್ ಗೋಲ್ಡ್ ಅವರು 1971ರಲ್ಲಿ ಕೊಟ್ಟ ಸೂತ್ರವನ್ನೇ ಉತ್ತರದ ಹಿಮದಾರಿಗಳಲ್ಲಿ ಇವತ್ತಿಗೂ ಬಳಸುತ್ತಾರೆ. ಗಡ್ಡೆಯ ದಪ್ಪವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 4ರಿಂದ ಗುಣಿಸಬೇಕು. ಬರುವುದು ಕಿಲೋ ಲೆಕ್ಕದ ಮಿತಿ. ಗಟ್ಟಿಯಾದ, ಪಾರದರ್ಶಕವಾದ ನೀಲಿ ಗಡ್ಡೆ 30 ಸೆಂಟಿಮೀಟರ್ ಇದ್ದರೆ 3,600 ಕಿಲೋ. 40 ಇದ್ದರೆ 6,400. ಮೇಲೆ ಬಿದ್ದ ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಗಡ್ಡೆಯ ದಪ್ಪವನ್ನು ಅರ್ಧ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಅಂದರೆ 30 ನೀಲಿ, 10 ಬಿಳಿ ಇದ್ದರೆ ನಾವು 35 ಅಂತ ಹಿಡಿಯುತ್ತೇವೆ. ಆಗ ಮಿತಿ 4,900 ಕಿಲೋ. ಇದರಲ್ಲಿ ಗಾಡಿ, ಪೆಟ್ರೋಲು, ಚಾಲಕ, ನಿಮ್ಮ ಸರಕು ಎಲ್ಲವೂ ಸೇರಿತು. ಥರ್ಮಾಮೀಟರ್ ಸೊನ್ನೆಯ ಮೇಲೆ ಹೋಗಿ ಗಡ್ಡೆ ಮೆತ್ತಗಾದರೆ ಈ ಲೆಕ್ಕವನ್ನೂ ನಂಬುವುದಿಲ್ಲ. ಆ ದಿನ ಗಾಡಿ ಹೊರಡುವುದಿಲ್ಲ, ಅಷ್ಟೇ.

ಹಾಗಾಗಿ ಬೇಸಿಗೆ ಪೂರ್ತಿ ಮಾಡಿದ್ದು ಒಂದೇ ಕೆಲಸ. ಗಾಡಿಯ ತೂಕ ಇಳಿಸುವುದು. ಗಾಡಿಯಿಂದ ಒಂದು ಕಿಲೋ ಕಡಿಮೆಯಾದರೆ ನಿಮ್ಮ ಮೀನು ಒಂದು ಕಿಲೋ ಜಾಸ್ತಿ ಹೋಗಬಹುದು.

ಹೊಸ ಗಾಡಿ ಕೊಳ್ಳಬಹುದಿತ್ತಲ್ಲ ಅಂತಲೂ ಕೇಳಿದ್ದೀರಿ. ಬೆಟ್ಟದ ಇಳಿಜಾರಿನಲ್ಲಿ ಹಿಮ ಸಮ ಮಾಡುವ ಈಗಿನ ಯಂತ್ರಗಳ ಬೆಲೆ ಹಾಗಿರಲಿ, ಅವುಗಳ ತೂಕವೇ ನಮಗೆ ಆಗಿಬರುವುದಿಲ್ಲ. ನಮ್ಮ ಬಿ12ರ ಮೈ ಪ್ಲೈವುಡ್ಡಿನದು. ಎಂಬತ್ತು ವರ್ಷದ ಹಿಂದೆ ಮಾಡಿದ್ದರೂ ಸರೋವರದ ಮೇಲೆ ಓಡಲು ಇದಕ್ಕಿಂತ ಜಾಣ ಗಾಡಿ ಇನ್ನೂ ಬಂದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಬೇರೆಯವರು ಒಪ್ಪದಿರಬಹುದು. ಮುಂದೆ ಸ್ಕೀ, ಹಿಂದೆ ರಬ್ಬರ್ ಬೆಲ್ಟಿಗೆ ಉಕ್ಕಿನ ಪಟ್ಟಿ ಜೋಡಿಸಿದ ಟ್ರ್ಯಾಕ್. ಭಾರ ಅಗಲಕ್ಕೆ ಹರಡುತ್ತದೆ, ಹಿಮದಲ್ಲಿ ಹೂತುಕೊಳ್ಳುವುದಿಲ್ಲ.

ಒಳಗೆ ಗೋಡೆಗುಂಟ ಇದ್ದ ಬೆಂಚುಗಳು ಹೋದವು. ನೆಲಕ್ಕೆ ತೆಳು ಅಲ್ಯೂಮಿನಿಯಂ ತಗಡು ಹಾಕಿದ್ದೇವೆ, ಮೀನಿನ ಟಬ್ಬುಗಳು ಜಾರಿಕೊಂಡು ಒಳಗೆ ಹೋಗುತ್ತವೆ. ಪಕ್ಕದ ಬಾಗಿಲು ಅಗಲವಾಗಿದೆ. ದುಂಡು ಕಿಟಕಿಗಳನ್ನು ಮುಟ್ಟಿಲ್ಲ. ಚಾವಣಿಯ ಕಿಂಡಿಯನ್ನೂ ಮುಟ್ಟಿಲ್ಲ. ಗಡ್ಡೆ ಕುಸಿದರೆ ಚಾಲಕ ಹೊರಬರುವ ದಾರಿ ಅದೊಂದೇ, ಅದರ ಕೆಳಗೆ ಯಾರೂ ಟಬ್ ಪೇರಿಸುವ ಹಾಗಿಲ್ಲ.

ಎಂಜಿನ್ ವಿಷಯಕ್ಕೆ ಬಂದರೆ, ಹಿಂದೆ ಇದ್ದದ್ದು ಕ್ರೈಸ್ಲರ್‌ನ ಆರು ಸಿಲಿಂಡರಿನ ಫ್ಲಾಟ್‌ಹೆಡ್ ಅನ್ನುವ ಹಳೇ ಮಾದರಿಯ ಎಂಜಿನ್. ಒಳ್ಳೆ ಎಂಜಿನ್ನೇ. ಆದರೆ ಹಿಂದೆ ಸ್ಲೆಡ್ (ಹಿಮದ ಮೇಲೆ ಜಾರುವ, ಚಕ್ರವಿಲ್ಲದ ಬಂಡಿ) ಕಟ್ಟಿಕೊಂಡು ನೀರು ಬೆರೆತ ಹಿಮದಲ್ಲಿ ಎಳೆಯುವಾಗ ಅದಕ್ಕೆ ಉಸಿರು ಕಟ್ಟುತ್ತಿತ್ತು. ಭಾರೀ ಹಿಮ ಬಿದ್ದಾಗ ಗಡ್ಡೆ ಬಾಗಿ, ಬಿರುಕುಗಳಲ್ಲಿ ನೀರು ಮೇಲೆ ಬರುತ್ತದೆ. ಮೇಲಿನ ಹಿಮ ಹೊದಿಕೆಯ ಹಾಗೆ ಮುಚ್ಚಿಕೊಳ್ಳುವುದರಿಂದ ಆ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ನೋಡಲು ಸಮತಟ್ಟು ಬಯಲು, ಕೆಳಗೆ ಕೆಸರು. ಅಲ್ಲಿ ನಿಂತರೆ ಟ್ರ್ಯಾಕು, ಚಕ್ರ ಎಲ್ಲ ಗಾಳಿ ತಗುಲಿ ಕಲ್ಲಾಗುತ್ತವೆ. ನಿಲ್ಲದೆ ದಾಟಲು ಬಲ ಬೇಕು. ಅದಕ್ಕಾಗಿ 318 ಕ್ಯೂಬಿಕ್ ಇಂಚಿನ, ಎಂಟು ಸಿಲಿಂಡರಿನ ಕ್ರೈಸ್ಲರ್ ವಿ8 ಎಂಜಿನ್ ಕೂರಿಸಿದ್ದೇವೆ. ಡೀಸೆಲ್ ಹಾಕಿ ಅಂದವರೇ ಜಾಸ್ತಿ. ಡೀಸೆಲ್ ಎಂಜಿನ್ ಭಾರ, ಮೇಲಾಗಿ ಮೈನಸ್ 40ರ ಬೆಳಗ್ಗೆ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪೆಟ್ರೋಲಿಗೆ ಆ ಕಾಟ ಇಲ್ಲ. ರಾತ್ರಿ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಹಾಕಿಟ್ಟರೆ ಬೆಳಗ್ಗೆ ಸ್ಟಾರ್ಟ್ ಆಗುತ್ತದೆ.

ಎಂಜಿನ್ ಹಿಂದಕ್ಕೇ ಇದೆ. ಅದರ ಬಿಸಿ ಒಳಗೇ ಇರುವುದರಿಂದ ಪಿಕರೆಲ್, ವೈಟ್‌ಫಿಶ್ ಮೀನುಗಳು ದಡ ಸೇರುವಷ್ಟರಲ್ಲಿ ಕಲ್ಲಿನಂತೆ ಗಟ್ಟಿಯಾಗುವುದಿಲ್ಲ. ತೆರೆದ ಸ್ಲೆಡ್ಡಿನಲ್ಲಿ ಹೋದ ಮೀನು ಏನಾಗುತ್ತದೆ, ಅದಕ್ಕೆ ಸಿಗುವ ಬೆಲೆ ಏನಾಗುತ್ತದೆ ಅಂತ ಬಲೆ ಹಾಕುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಹಸಿ ಮೀನು ಯಾವಾಗಲೂ ಗಾಡಿಯ ಒಳಗೆ. ಪೆಟ್ರೋಲ್ ಡ್ರಮ್ಮು, ಹಲಗೆ, ಬಲೆ, ದಿನಸಿ ಸ್ಲೆಡ್ಡಿನ ಮೇಲೆ.

ಸ್ಲೆಡ್ಡಿನ ಕೊಂಡಿಯನ್ನು ಪ್ಲೈವುಡ್ ಮೈಗೆ ಹಾಕಿಲ್ಲ, ಕೆಳಗಿನ ಉಕ್ಕಿನ ಚೌಕಟ್ಟಿಗೆ ಹಾಕಿದ್ದೇವೆ. ಹಗ್ಗ ಇಲ್ಲ, ಉದ್ದನೆಯ ಉಕ್ಕಿನ ದಂಡ. ಗಾಡಿ ನಿಂತಾಗ ಸ್ಲೆಡ್ ಹಿಂದಿನಿಂದ ಬಂದು ಗುದ್ದುವುದಿಲ್ಲ. ದಂಡ ಉದ್ದ ಇದ್ದಷ್ಟೂ ಗಾಡಿಯ ಭಾರ ಒಂದು ಕಡೆ, ಸ್ಲೆಡ್ಡಿನ ಭಾರ ಇನ್ನೊಂದು ಕಡೆ ಬೀಳುತ್ತದೆ, ಗಡ್ಡೆಗೆ ಒಂದೇ ಜಾಗದಲ್ಲಿ ಒತ್ತಡ ಇಲ್ಲ. ಸ್ಲೆಡ್ಡಿನ ಪಾದಗಳಿಗೂ ಗಾಡಿಯ ಸ್ಕೀಗಳಿಗೂ ಗಡಸು ಪ್ಲಾಸ್ಟಿಕ್ಕಿನ ಪಟ್ಟಿ ಹಾಕಿದ್ದೇವೆ, ಹಿಮ ಅಂಟುವುದಿಲ್ಲ.

ಇನ್ನು ವೇಗ. "ವಿ8 ಹಾಕಿಯೂ ಆಮೆ ಹಾಗೆ ಬರ್ತೀರಲ್ಲ" ಅಂತ ನೀವು ಅನ್ನುವ ಮೊದಲೇ ಹೇಳಿಬಿಡುತ್ತೇವೆ. ಗಾಡಿ ಓಡುವಾಗ ಗಡ್ಡೆ ಸ್ವಲ್ಪ ತಗ್ಗುತ್ತದೆ, ಅದರ ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ಗಾಡಿಯ ವೇಗ, ಅಲೆಯ ವೇಗ ಒಂದೇ ಆದರೆ ಅಲೆ ಬೆಳೆಯುತ್ತಾ ಹೋಗಿ ಗಡ್ಡೆಯನ್ನು ಒಡೆಯಬಹುದು. ನೀರು ಆಳ ಕಡಿಮೆ ಇದ್ದಲ್ಲಿ ಅಲೆ ನಿಧಾನ. ನಾಲ್ಕು ಮೀಟರ್ ಆಳದಲ್ಲಿ ಅದರ ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್. ನಮ್ಮ ಸರೋವರ ನೋಡಲು ಕಡಲು, ಆಳ ನೋಡಿದರೆ ಸರಾಸರಿ 12 ಮೀಟರ್. ದಡದ ಹತ್ತಿರ ಇನ್ನೂ ಕಡಿಮೆ, ಅಲೆ ದಡಕ್ಕೆ ಬಡಿದು ವಾಪಸ್ಸೂ ಬರುತ್ತದೆ. ಆದ್ದರಿಂದ ಹೊರೆ ಇದ್ದಾಗ ನಾವು ಗಂಟೆಗೆ 15 ಕಿಲೋಮೀಟರ್ ದಾಟುವುದಿಲ್ಲ. ನಮ್ಮ ಹಿಂದೆ ಟ್ರಕ್ ಓಡಿಸಿಕೊಂಡು ಬರುವವರು ದಯವಿಟ್ಟು ಅಂಟಿಕೊಂಡು ಬರಬೇಡಿ, ಪಕ್ಕದಲ್ಲಿ ರೊಯ್ಯನೆ ದಾಟಿ ಹೋಗಲೂಬೇಡಿ.

ಜನರನ್ನು ಹತ್ತಿಸದಿರುವ ತೀರ್ಮಾನ ಸುಲಭದ್ದಾಗಿರಲಿಲ್ಲ. ಇದು ಜನರಿಗೆಂದೇ ಹುಟ್ಟಿದ ಗಾಡಿ. ಕ್ವಿಬೆಕ್‌ನ ವಾಲ್ಕೂರ್ ಊರಿನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ 1934ರ ಚಳಿಗಾಲದಲ್ಲಿ ತಮ್ಮ ಎರಡು ವರ್ಷದ ಮಗನನ್ನು ಕಳೆದುಕೊಂಡರು. ದಾರಿ ಹಿಮದಲ್ಲಿ ಮುಚ್ಚಿತ್ತು, ಆಸ್ಪತ್ರೆಗೆ ಒಯ್ಯಲು ಆಗಲಿಲ್ಲ. 1937ರಲ್ಲಿ ಅವರ ಟ್ರ್ಯಾಕಿಗೆ ಪೇಟೆಂಟ್ ಸಿಕ್ಕಿತು. ಏಳು ಜನರ ಬಿ7 ಬಂತು, ಅದರ ಹಿಂದೆಯೇ ಹನ್ನೆರಡು ಜನರ ಬಿ12. ವೈದ್ಯರು, ಅಂಚೆಯವರು, ಶಾಲೆ ಮಕ್ಕಳು ಇದರಲ್ಲಿ ಓಡಾಡಿದರು. ಆದರೆ 1948ರ ನಂತರ ಕ್ವಿಬೆಕ್‌ನ ಹಳ್ಳಿ ರಸ್ತೆಗಳ ಹಿಮ ತೆಗೆಯಲು ಶುರುವಾದ ಮೇಲೆ ಈ ಗಾಡಿಗಳ ವ್ಯಾಪಾರ ಬಿದ್ದುಹೋಯಿತು. ಆಗ ಬೊಂಬಾರ್ಡಿಯರ್ ಅವರೇ ಸರಕು, ಕಾಡು, ಗಣಿ ಕೆಲಸದ ಯಂತ್ರಗಳತ್ತ ತಿರುಗಿದರು. 1953ರಲ್ಲಿ ಜೌಗು ನೆಲದಲ್ಲೂ ಓಡುವ ಮಸ್ಕೆಗ್ ಟ್ರ್ಯಾಕ್ಟರ್ ಬಂತು. ಗಾಡಿ ಮಾಡಿದವರೇ ಹಿಡಿದ ದಾರಿ ಇದು.

ಹನ್ನೆರಡು ಜನ ಕೂತರೆ ಒಂದು ಟನ್ ಹತ್ತಿರ ಆಗುತ್ತದೆ. ಅಷ್ಟು ಮೀನು ದಡದಲ್ಲಿ ಉಳಿಯುತ್ತದೆ. ಮೀನನ್ನೂ ಮನುಷ್ಯರನ್ನೂ ಒಟ್ಟಿಗೆ ಹಾಕಿ, ಬಾಗಿಲಿಗೆ ಟಬ್ ಅಡ್ಡ ಬಂದರೆ ಗತಿ ಏನು? ಹಾಗಂತ ಯಾರಿಗಾದರೂ ಹುಷಾರಿಲ್ಲದೆ ಹೋದರೆ ಗಡ್ಡೆಯ ಮೇಲೆ ಬಿಟ್ಟು ಬರುವವರು ನಾವಲ್ಲ. ಚಾಲಕನ ಪಕ್ಕದ ಸೀಟು ಅದಕ್ಕೇ ಉಳಿಸಿದ್ದೇವೆ. ರೇಡಿಯೋದಲ್ಲಿ ಹೇಳಿ, ಸರಕು ಇಳಿಸಿಯಾದರೂ ಕರೆದುಕೊಂಡು ಬರುತ್ತೇವೆ, ದುಡ್ಡು ಕೇಳುವುದಿಲ್ಲ.

ನಿಮ್ಮಿಂದ ಬೇಕಾದದ್ದು ಇಷ್ಟು. ಸರಕು ಹಿಂದಿನ ದಿನ ಸಂಜೆಯೊಳಗೆ ಶೆಡ್ಡಿಗೆ ಬರಲಿ, ತಕ್ಕಡಿ ಬಾಗಿಲಲ್ಲೇ ಇದೆ. ಸುಮ್ನೆ ಕಣ್ಣಳತೆಯಲ್ಲಿ ಬರೆದ ಚೀಟಿ ನಡೆಯುವುದಿಲ್ಲ. 205 ಲೀಟರಿನ ಪೆಟ್ರೋಲ್ ಡ್ರಮ್ ತುಂಬಿದರೆ ಸುಮಾರು 170 ಕಿಲೋ, ಡೀಸೆಲ್ ಆದರೆ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೆ ಒಂದು ಟ್ರಿಪ್ಪಿಗೆ ಎರಡೇ ಡ್ರಮ್. ಸರೋವರದಲ್ಲಿರುವ ನಿಮ್ಮ ಮೀನುಗಾರಿಕೆ ಕ್ಯಾಂಪಿನ ಮುಂದೆ ಹೊರೆ ತುಂಬಿದ ಸ್ಲೆಡ್ ಬಿಟ್ಟು ಹೋಗುವ ಪದ್ಧತಿಯೂ ನಿಂತಿತು. ಭಾರ ಎರಡು ಗಂಟೆ ಒಂದೇ ಕಡೆ ನಿಂತರೆ ಗಡ್ಡೆ ನಿಧಾನಕ್ಕೆ ಬಾಗುತ್ತಲೇ ಹೋಗುತ್ತದೆ, ಮೇಲಿನ ಸೂತ್ರ ಓಡುವ ಗಾಡಿಗೆ ಮಾತ್ರ. ಗಾಡಿ ಬಂದಾಗ ಇಳಿಸಿಕೊಳ್ಳಲು ಇಬ್ಬರು ಇರಲಿ. ಇಲ್ಲದಿದ್ದರೆ ಸರಕು ಅದೇ ಗಾಡಿಯಲ್ಲಿ ವಾಪಸ್ ಬರುತ್ತದೆ, ಆ ಬಾಡಿಗೆಯನ್ನೂ ಕೊಡಬೇಕಾಗುತ್ತದೆ.

ಹಸಿ ಮೀನಿನ ದರ ಕಿಲೋ ಲೆಕ್ಕಕ್ಕೆ ಬಂದರೂ ಸಣ್ಣ ಬಲೆಯವರಿಗೆ ಕಡಿಮೆಯೇ ಆಗುತ್ತದೆ, ಅರ್ಧ ಗಾಡಿಗೆ ಪೂರ್ತಿ ಟ್ರಿಪ್ಪಿನ ದುಡ್ಡು ಕೊಡುವುದು ತಪ್ಪುತ್ತದೆ. ಡ್ರಮ್ಮು, ಹಲಗೆ ಸಾಗಿಸುವವರಿಗೆ ಜಾಸ್ತಿ ಆಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ದರಪಟ್ಟಿ ತಕ್ಕಡಿಯ ಪಕ್ಕದಲ್ಲಿದೆ. ಗಡ್ಡೆ ಎಷ್ಟು ದಪ್ಪ, ಆ ದಿನದ ಮಿತಿ ಎಷ್ಟು ಅಂತ ಪ್ರತಿದಿನ ಬೆಳಗ್ಗೆ ಅಲ್ಲೇ ಬರೆದಿರುತ್ತೇವೆ, ರೇಡಿಯೋದಲ್ಲೂ ಓದುತ್ತೇವೆ.

ಇಂತಿ,
ನಿಮ್ಮ ಸಾಗಣೆ ಸಹಕಾರಿಯ ಪರವಾಗಿ, ಶೆಡ್ಡಿನವರು