ತಂತಿಯೋ ಅಲೈನರೋ: ದಿನಕ್ಕೆ ಏಳು ಟೀ ಕುಡಿಯುವ ಗೆಳೆಯನಿಗೆ

ಲೋ ಮಾರಾಯ,

ಸೊಟ್ಟ ಹಲ್ಲು ಸರಿ ಮಾಡಿಸಲು ತಂತಿ ಹಾಕಿಸಲಾ, ಇಲ್ಲ ಅಲೈನರ್ ಅನ್ನುವ, ತೆಗೆದು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ ಹಾಕಿಸಲಾ ಅಂತ ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. ಆಚೆ ಕುಕ್ಕರ್ ಕೂಗುತ್ತಿತ್ತು, ಈಚೆ ಮಗಳು ಮಗ್ಗಿ ಒಪ್ಪಿಸುತ್ತಿದ್ದಳು. "ಸುಮ್ನೆ ತಂತಿ ಹಾಕಿಸ್ಕೊ" ಅಂತ ಹೇಳಿ ಇಟ್ಟುಬಿಟ್ಟೆ. ಆಮೇಲೆ ಮನಸ್ಸಿಗೆ ಸರಿ ಅನ್ನಿಸಲಿಲ್ಲ. ಮೂವತ್ತೆಂಟು ದಾಟಿದ ಗಂಡಸು "ನನ್ನ ಹಲ್ಲು ಸರಿ ಮಾಡಿಸ್ಲಾ" ಅಂತ ಇನ್ನೊಬ್ಬನನ್ನು ಕೇಳಬೇಕಾದರೆ ಅದಕ್ಕೆ ಮುಂಚೆ ಎಷ್ಟು ದಿನ ಕನ್ನಡಿ ಮುಂದೆ ನಿಂತಿರುತ್ತಾನೆ ಅಂತ ನನಗೆ ಗೊತ್ತಿಲ್ವಾ? ನಮ್ಮ ಹಾಸ್ಟೆಲ್ ಫೋಟೋಗಳನ್ನು ತೆಗೆದು ನೋಡು. ಎಲ್ಲದರಲ್ಲೂ ನಾನು ತುಟಿ ಮುಚ್ಚಿಕೊಂಡೇ ನಕ್ಕಿದ್ದೇನೆ. ನೀನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದೀಯ. ಮೊದಲ ವಾರವೇ ನಾವಿಬ್ಬರೂ ಜೊತೆಯಾಗಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

"ಈ ವಯಸ್ಸಿನಲ್ಲಿ ಹಲ್ಲು ಸರಿಯುತ್ತಾ" ಅಂದೆಯಲ್ಲ, ಸರಿಯುತ್ತದೆ. ಹಲ್ಲು ಅಂದರೆ ಮೂಳೆಗೆ ಮೊಳೆ ಹೊಡೆದ ಹಾಗೆ ಕೂತಿರುವುದಲ್ಲ. ಬೇರಿಗೂ ಮೂಳೆಗೂ ನಡುವೆ ನಾರಿನಂಥ ಒಂದು ತೆಳ್ಳನೆಯ ಪದರ ಇದೆ, ಕಾಲು ಮಿಲಿಮೀಟರ್ ಆಸುಪಾಸು. ಹಲ್ಲನ್ನು ಮೆಲ್ಲಗೆ, ಬಿಡದೆ ತಳ್ಳುತ್ತಾ ಹೋದರೆ ಮುಂದಿನ ಮೂಳೆ ಕರಗಿ ದಾರಿ ಬಿಡುತ್ತದೆ, ಹಿಂದಿನ ಖಾಲಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಸುಮಾರು 1 ಮಿಲಿಮೀಟರ್. ಪಕ್ಕದ ಗದ್ದೆಯವನು ವರ್ಷಾ ವರ್ಷಾ ಬದು ಸರಿಸುತ್ತಾನಲ್ಲ, ಹಾಗೆ. ಮಕ್ಕಳಲ್ಲಿ ಸ್ವಲ್ಪ ಬೇಗ, ನಮ್ಮಂಥವರಲ್ಲಿ ಸ್ವಲ್ಪ ತಡ, ಅಷ್ಟೇ. ವಯಸ್ಸಿಗಿಂತ ಜಾಸ್ತಿ ನೋಡಬೇಕಾದ್ದು ಒಸಡು. ನನಗೆ ಬ್ರಶ್ ಮಾಡುವಾಗ ರಕ್ತ ಬರುತ್ತಿತ್ತು. ಡಾಕ್ಟರು ಮೊದಲು ಹಲ್ಲು ಕ್ಲೀನ್ ಮಾಡಿಸಿ, ಒಂದೂವರೆ ತಿಂಗಳು ಕಾಯಿಸಿ, ಒಸಡು ಗಟ್ಟಿಯಾದ ಮೇಲೆಯೇ ಕೈ ಹಾಕಿದ್ದು.

ತಂತಿಯಾಗಲಿ ಅಲೈನರ್ ಆಗಲಿ, ಮಾಡುವ ಕೆಲಸ ಇದೇ. ತಳ್ಳುವುದು.

ತಂತಿಯದ್ದು ಹಳೇ ಪದ್ಧತಿ ಅಂತ ನಿನಗೆ ತಾತ್ಸಾರ ಇದ್ದ ಹಾಗಿತ್ತು. ಒಂದೊಂದು ಹಲ್ಲಿನ ಮೇಲೂ ಬ್ರಾಕೆಟ್ ಅನ್ನುವ ಸಣ್ಣ ಹಿಡಿಕೆ ಅಂಟಿಸಿ, ಅದರೊಳಗೆ ತಂತಿ ಕೂರಿಸುತ್ತಾರೆ. ಮೊದಮೊದಲು ಹಾಕುವುದು ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ತಂತಿ. ಮೂಲದಲ್ಲಿ ಇದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಕಂಡುಕೊಂಡ ಲೋಹ. ಇದರ ಗುಣ ಏನು ಗೊತ್ತಾ? ಎಷ್ಟು ಬಾಗಿಸಿದರೂ ತನ್ನ ಮೊದಲಿನ ಆಕಾರವನ್ನು ಮರೆಯುವುದಿಲ್ಲ. ಸೊಟ್ಟ ಹಲ್ಲಿಗೆ ತಕ್ಕ ಹಾಗೆ ಬಾಗಿಸಿ ಕಟ್ಟಿದರೆ, ಅದು ಹಗಲೂ ರಾತ್ರಿ ನೆಟ್ಟಗಾಗಲು ನೋಡುತ್ತದೆ, ಜೊತೆಗೆ ಹಲ್ಲನ್ನೂ ಎಳೆದುಕೊಂಡು ಹೋಗುತ್ತದೆ. ನೀನು ನಿದ್ದೆ ಮಾಡು, ಮದುವೆ ಊಟಕ್ಕೆ ಹೋಗು, ಅದರ ಕೆಲಸ ನಿಲ್ಲುವುದಿಲ್ಲ. ಈ ಮಾತನ್ನು ನೆನಪಿಟ್ಟುಕೋ, ನಿನ್ನ ಟೀ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಅಲೈನರ್ ಹುಟ್ಟಿದ ಕತೆ ನನಗೆ ಇಷ್ಟ. ಜಿಯಾ ಚಿಸ್ತಿ ಅನ್ನುವವನು ದೊಡ್ಡವನಾದ ಮೇಲೆ ತಂತಿ ಹಾಕಿಸಿಕೊಂಡಿದ್ದ. ತೆಗೆದ ಮೇಲೆ ರಿಟೇನರ್, ಅಂದರೆ ಸರಿದ ಹಲ್ಲನ್ನು ಅಲ್ಲೇ ಹಿಡಿದಿಡುವ ಪ್ಲಾಸ್ಟಿಕ್ ತಟ್ಟೆ, ಹಾಕಿಕೊಳ್ಳುವುದನ್ನು ಬಿಟ್ಟ. ಹಲ್ಲು ಸ್ವಲ್ಪ ಜರುಗಿತು. ಮತ್ತೆ ಹಾಕಿಕೊಂಡ, ವಾಪಸು ಬಂತು. ಪ್ಲಾಸ್ಟಿಕ್ ತಟ್ಟೆ ಇಷ್ಟು ತಳ್ಳುವುದಾದರೆ, ಒಂದರ ನಂತರ ಒಂದು ತಟ್ಟೆ ಮಾಡುತ್ತಾ ಹೋದರೆ ಹೇಗೆ ಅಂತ ತಲೆಗೆ ಹೊಳೆಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಜೊತೆಗೆ ಬಿಸಿನೆಸ್ ಓದಿದ ಕೆಲ್ಸಿ ವರ್ತ್ ಜೊತೆ ಸೇರಿ 1997ರಲ್ಲಿ ಕಂಪನಿ ಕಟ್ಟಿದ. ಇಬ್ಬರೂ ಹಲ್ಲಿನ ಡಾಕ್ಟರಲ್ಲ! ಆ ಕಂಪನಿಯ ಅಲೈನರೇ ಇನ್ವಿಸಲೈನ್. ನೀನು ಎಲ್ಲ ಅಲೈನರಿಗೂ ಇನ್ವಿಸಲೈನ್ ಅಂತೀಯ, ಅದು ಒಂದು ಬ್ರಾಂಡಿನ ಹೆಸರು ಮಾತ್ರ. ಈಗ ನಮ್ಮ ದೇಶದ್ದೂ ಸೇರಿ ಬೇಕಾದಷ್ಟು ಇವೆ.

ಒಂದು ತಟ್ಟೆ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ವಾರಕ್ಕೋ ಎರಡು ವಾರಕ್ಕೋ ಮುಂದಿನ ತಟ್ಟೆ. ಕಾಣಿಸುವುದೇ ಇಲ್ಲ ಅನ್ನುವುದು ಅರ್ಧ ನಿಜ. ಹಿಡಿತ ಸಿಗಲಿ ಅಂತ ಕೆಲವು ಹಲ್ಲುಗಳ ಮೇಲೆ ಹಲ್ಲಿನದೇ ಬಣ್ಣದ ಸಣ್ಣ ಗುಬುಟು ಅಂಟಿಸುತ್ತಾರೆ. ತಟ್ಟೆ ತೆಗೆದಾಗ ಅಕ್ಕಿಕಾಳು ಅಂಟಿಕೊಂಡ ಹಾಗೆ ಕಾಣುತ್ತದೆ. ಜಾಗ ಸಾಲದಿದ್ದರೆ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಉಜ್ಜುವುದೂ ಉಂಟು. ಇದನ್ನೆಲ್ಲ ಜಾಹೀರಾತಿನಲ್ಲಿ ತೋರಿಸುವುದಿಲ್ಲ.

ಈಗ ಟೀ ವಿಷಯ.

ಅಲೈನರನ್ನು ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿರಬೇಕು. ತಿನ್ನುವಾಗ ತೆಗೆಯಬೇಕು. ನೀರು ಬಿಟ್ಟು ಏನು ಕುಡಿಯುವುದಾದರೂ ತೆಗೆಯಬೇಕು. ಬಿಸಿ ಟೀಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕಲೆ ಹಿಡಿಯುತ್ತದೆ, ಸಕ್ಕರೆ ತಟ್ಟೆಯೊಳಗೆ ಸಿಕ್ಕಿಕೊಂಡು ಹಲ್ಲು ಹುಳುಕಾಗುತ್ತದೆ. ಮತ್ತೆ ಹಾಕಿಕೊಳ್ಳುವ ಮುಂಚೆ ಬಾಯಿ ತೊಳೆಯಬೇಕು, ಸಾಧ್ಯವಾದರೆ ಬ್ರಶ್ಶನ್ನೂ ಮಾಡಬೇಕು. ಅಂದರೆ ನಿನ್ನ ಊಟ, ತಿಂಡಿ, ಟೀ, ಬ್ರಶ್ ಎಲ್ಲಕ್ಕೂ ಸೇರಿ ಸಿಗುವುದು ಎರಡು ಗಂಟೆ, ಹೆಚ್ಚೆಂದರೆ ನಾಲ್ಕು.

ನಿನ್ನ ಲೆಕ್ಕ ಹಾಕೋಣ. ಎದ್ದ ಕೂಡಲೇ ಒಂದು. ಬೈಕ್ ಹತ್ತುವ ಮುಂಚೆ ಒಂದು. ಪಾರ್ಟಿಗಳ ಹತ್ತಿರ ಹೋದಲ್ಲೆಲ್ಲ ಒಂದೊಂದು, ಬೇಡ ಅಂದರೆ ಆರ್ಡರ್ ಕೊಡಲ್ಲ ಅಂತ ನೀನೇ ಹೇಳುತ್ತೀಯ. ಸಂಜೆ ಬೈಟು. ಏಳು ಟೀ, ಒಂದೊಂದಕ್ಕೆ ಕಾಲು ಗಂಟೆ ಅಂದರೂ ಒಂದೂಮುಕ್ಕಾಲು ಗಂಟೆ ಹೋಯಿತು. ಇನ್ನೂ ಊಟಕ್ಕೆ ಕೂತಿಲ್ಲ! ಅದರ ಮೇಲೆ, ರಸ್ತೆ ಬದಿಯ ಟೀ ಅಂಗಡಿ ಎದುರು ನಿಂತು ಬಾಯಿಗೆ ಬೆರಳು ಹಾಕಿ ಜೊಲ್ಲು ಸಮೇತ ತಟ್ಟೆ ಕೀಳುವ ನಿನ್ನನ್ನು ಊಹಿಸಿಕೊಂಡೆ. ಮೂರು ದಿನ ಕೀಳುತ್ತೀಯ. ನಾಲ್ಕನೇ ದಿನ ಜೇಬಿನಲ್ಲಿ ಇಟ್ಟುಕೊಂಡು ಸಂಜೆವರೆಗೂ ಮರೆಯುತ್ತೀಯ. ಒಂದೇ ಮಳೆಗಾಲದಲ್ಲಿ ಮೂರು ಕೊಡೆ ಕಳೆದವನು ನೀನು. ಬೇಜಾರಾಗಬೇಡ.

ಅಕ್ಕನ ಮಗಳು ಅಲೈನರ್ ಹಾಕಿಸಿಕೊಂಡಳು. ಸಾಫ್ಟ್‌ವೇರ್ ಕೆಲಸ, ಮನೆಯಲ್ಲೇ ಕೂತು. ಹೊತ್ತಿಗೆ ಸರಿಯಾಗಿ ಮೂರು ಊಟ, ನಡುವೆ ಬರೀ ನೀರು. ಅವಳ ಹಲ್ಲಿನದು ದೊಡ್ಡ ಸಮಸ್ಯೆಯೂ ಅಲ್ಲ, ಮುಂದಿನ ನಾಲ್ಕು ಹಲ್ಲು ಸ್ವಲ್ಪ ಒತ್ತಿಕೊಂಡಿದ್ದವು. ಚೆನ್ನಾಗಿಯೇ ಆಯಿತು. ಒಂದು ಕೋರೆಹಲ್ಲು ಮಾತ್ರ ತಿರುಗಲೇ ಇಲ್ಲ. ದುಂಡಗಿನ ಹಲ್ಲನ್ನು ತಿರುಗಿಸುವುದು ಪ್ಲಾಸ್ಟಿಕ್ ತಟ್ಟೆಗೆ ಕಷ್ಟವಂತೆ, ಜಾರುತ್ತದೆ. ಮತ್ತೆ ಅಳತೆ ತೆಗೆದು ಒಂಬತ್ತು ಹೊಸ ತಟ್ಟೆ ಮಾಡಿಸಬೇಕಾಯಿತು. ಇನ್ನೊಂದು ಸಲ ನಮ್ಮ ಮನೆಗೆ ಬಂದಾಗ ತಟ್ಟೆಯನ್ನು ಪೇಪರ್ ನ್ಯಾಪ್‌ಕಿನ್‌ನಲ್ಲಿ ಸುತ್ತಿ ಎಲೆ ಪಕ್ಕ ಇಟ್ಟಿದ್ದಳು. ಅಮ್ಮ ಎಲೆ ಜೊತೆ ಎತ್ತಿ ಕೊಟ್ಟಿಗೆ ಹಿಂದಿನ ಗುಂಡಿಗೆ ಹಾಕಿದರು. ಟಾರ್ಚ್ ಹಿಡಿದು ಹುಡುಕಿದವನು ನಾನು. ಸಿಕ್ಕಿತು, ಆದರೆ ಅದನ್ನು ಮತ್ತೆ ಬಾಯಿಗೆ ಹಾಕಿಕೊಳ್ಳಲು ಅವಳು ಒಪ್ಪಲಿಲ್ಲ, ನ್ಯಾಯವೇ.

ನಾನೂ ಮೊದಲು ಅಲೈನರ್‌ಗೇ ಆಸೆ ಪಟ್ಟಿದ್ದೆ, ನಿನಗೆ ಹೇಳಿರಲಿಲ್ಲ. ಬೆಂಗಳೂರಿಗೆ ಬಂದಾಗ ಒಂದು ಮಾಲ್‌ನಲ್ಲಿ ಸ್ಟಾಲ್ ಹಾಕಿದ್ದರು. ಬಾಯೊಳಗೆ ಕಡ್ಡಿಯಂಥ ಕ್ಯಾಮೆರಾ ಆಡಿಸಿ, ಹತ್ತೇ ನಿಮಿಷದಲ್ಲಿ ಪರದೆ ಮೇಲೆ ನನ್ನ ಹಲ್ಲು ಸಾಲಾಗಿ ನಿಲ್ಲುವುದನ್ನು ತೋರಿಸಿದರು. ಕಣ್ಣು ತುಂಬಿ ಬಂತು ಕಣೋ, ಸುಳ್ಳು ಯಾಕೆ ಹೇಳಲಿ. ಒಂದು ಲಕ್ಷ ಎಂಬತ್ತು ಸಾವಿರ, ಇವತ್ತೇ ಬುಕ್ ಮಾಡಿದರೆ ಇಪ್ಪತ್ತು ಸಾವಿರ ಕಡಿಮೆ ಅಂದರು. ಎಕ್ಸ್‌ರೇ ಇಲ್ಲ. ಒಸಡು ನೋಡಲಿಲ್ಲ. ನನ್ನ ಜೇಬಿನಲ್ಲಿ ಅಷ್ಟು ಇರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಎದ್ದು ಬಂದೆ, ಬುದ್ಧಿವಂತಿಕೆಯಿಂದ ಅಲ್ಲ.

ಶಿವಮೊಗ್ಗದ ಡಾಕ್ಟರಮ್ಮ ಮೊದಲು ಮಾಡಿದ್ದು ಎರಡು ಎಕ್ಸ್‌ರೇ. ಒಂದು ಇಡೀ ದವಡೆಯದು, ಅದಕ್ಕೆ ಓಪಿಜಿ ಅಂತಾರೆ. ಇನ್ನೊಂದು ತಲೆಯನ್ನು ಪಕ್ಕದಿಂದ ತೆಗೆದದ್ದು. ನನ್ನ ಉಬ್ಬುಹಲ್ಲು ಹಿಂದೆ ಹೋಗಬೇಕಾದರೆ ಜಾಗ ಬೇಕು, ಮೇಲಿನ ಎರಡು ಸಣ್ಣ ದವಡೆ ಹಲ್ಲು ಕೀಳಬೇಕು ಅಂದರು. ಅಲೈನರಲ್ಲಿ ಆಗಲ್ವಾ ಅಂತ ಕೇಳಿದೆ. "ಆಗಲ್ಲ ಅಂತಲ್ಲ. ಕಿತ್ತ ಜಾಗಕ್ಕೆ ಪಕ್ಕದ ಹಲ್ಲು ವಾಲಿಕೊಂಡು ಬರಬಾರದು, ಬೇರು ಸಮೇತ ನೆಟ್ಟಗೆ ಬರಬೇಕು. ಅದಕ್ಕೆ ತಂತಿಯ ಹಿಡಿತ ಇದ್ದರೆ ನನಗೆ ಧೈರ್ಯ" ಅಂದರು. ಆ ಮಾತು ನನಗೆ ಹಿಡಿಸಿತು.

ತಂತಿಯಲ್ಲಿ ಸುಖ ಇದೆ ಅಂತ ಹೇಳಲಾರೆ. ಮೊದಲ ವಾರ ಗಂಜಿ, ತಿಳಿಸಾರು ಅನ್ನ. ಕೆನ್ನೆ ಒಳಗೆಲ್ಲ ಹುಣ್ಣು. ಬ್ರಾಕೆಟ್ ಮೇಲೆ ಒತ್ತಿಕೊಳ್ಳಲು ಮೇಣ ಕೊಡುತ್ತಾರೆ, ಆ ಡಬ್ಬಿ ನನ್ನ ಅಂಗಿ ಜೇಬು ಬಿಟ್ಟು ಇಳಿಯಲಿಲ್ಲ. ಸರಿಯಾಗಿ ಭಾನುವಾರವೇ ತಂತಿಯ ತುದಿ ಹೊರಗೆ ಬಂದು ಚುಚ್ಚುತ್ತದೆ. ಬ್ರಾಕೆಟ್ ಸುತ್ತ ಹಾಕುವ ರಬ್ಬರ್ ಉಂಗುರಕ್ಕೆ ಅರಿಶಿನದ್ದೇ ಶತ್ರುತ್ವ, ಎರಡೇ ದಿನದ ಹುಳಿ ಊಟಕ್ಕೆ ಹಳದಿ. ಬೂದು ಬಣ್ಣದ್ದು ಕೇಳಿ ಹಾಕಿಸಿಕೊಂಡರೆ ಅಷ್ಟು ಕಾಣುವುದಿಲ್ಲ. ಬ್ರಶ್ ಮಾಡಲು ಹತ್ತು ನಿಮಿಷ ಬೇಕು, ಸಂದಿಗೆ ಬೇರೆ ಸಣ್ಣ ಬ್ರಶ್. ಸೋಮಾರಿತನ ಮಾಡಿದರೆ ಬ್ರಾಕೆಟ್ ಸುತ್ತ ಬಿಳಿ ಮಚ್ಚೆ ಬೀಳುತ್ತದೆ, ಅದು ಆಮೇಲೆ ಸುಲಭಕ್ಕೆ ಹೋಗುವುದಿಲ್ಲ. ತಿಂಗಳಿಗೊಮ್ಮೆ ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸು. ಎಲ್ಲ ಸೇರಿ ಇಪ್ಪತ್ತೆರಡು ತಿಂಗಳು, ನಲವತ್ತೆರಡು ಸಾವಿರ, ಕಂತಿನಲ್ಲಿ.

ನಾಚಿಕೆಯ ವಿಷಯ ಹೇಳಿಬಿಡುತ್ತೇನೆ, ನೀನು ಕೇಳದಿದ್ದರೂ ಅದೇ ನಿನ್ನ ನಿಜವಾದ ಪ್ರಶ್ನೆ. ಮೊದಲ ದಿನ ಕ್ಲಾಸಿಗೆ ಹೋಗುವಾಗ ಕೈ ಬೆವರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು. ಆಗ ಮುಂದಿನ ಸಾಲಿನ ಒಬ್ಬ ಹುಡುಗ, ಒಂದು ವರ್ಷದಿಂದ ಕ್ಲಿಪ್ ಹಾಕಿಕೊಂಡು ಬಾಯಿ ಬಿಡದೆ ಕೂರುತ್ತಿದ್ದವನು, ನನ್ನನ್ನು ನೋಡಿ ಹಲ್ಲೆಲ್ಲ ಕಾಣುವ ಹಾಗೆ ನಕ್ಕ. "ಸರ್, ಇವತ್ತು ಬಾಳೆಹಣ್ಣು ತಿನ್ನಿ, ರಾತ್ರಿ ನೋವು ಬರುತ್ತೆ" ಅಂದ. ಒಂದು ವಾರದ ಮೇಲೆ ಯಾರೂ ತಿರುಗಿ ನೋಡಲಿಲ್ಲ. ಆದರೂ ತಂತಿ ಎದ್ದು ಕಾಣಬಾರದು ಅಂತಿದ್ದರೆ ಸೆರಾಮಿಕ್ ಬ್ರಾಕೆಟ್ ಇದೆ. ಹಲ್ಲಿನದೇ ಬಣ್ಣ. ದುಡ್ಡು ಜಾಸ್ತಿ, ಸ್ವಲ್ಪ ಬೇಗ ಒಡೆಯುತ್ತದೆ.

ಇನ್ನೊಂದು. ಡಾಕ್ಟರ ಹತ್ತಿರ ಹೋಗದೆ, ಮನೆಗೇ ಕಿಟ್ ತರಿಸಿಕೊಂಡು ಪೋಸ್ಟಿನಲ್ಲಿ ಅಲೈನರ್ ಪಡೆಯುವ ಕಂಪನಿಗಳ ಲಿಂಕ್ ಕಳಿಸಿದ್ದೀಯ. ಅದನ್ನು ಅಳಿಸಿಬಿಡು. ಅಮೆರಿಕದಲ್ಲಿ ಈ ವ್ಯಾಪಾರದಲ್ಲಿ ಹೆಸರು ಮಾಡಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಏಕಾಏಕಿ ಬಾಗಿಲು ಹಾಕಿತು. ಅರ್ಧ ಸರಿದ ಹಲ್ಲು ಇಟ್ಟುಕೊಂಡು ಗಿರಾಕಿಗಳು ಎಲ್ಲಿಗೆ ಹೋಗಬೇಕು? ಕಂತು ಮಾತ್ರ ಕಟ್ಟುತ್ತಲೇ ಇರಿ ಅಂದರಂತೆ. ನಿನಗೆ ಬೇಕಿರುವುದು ಆರ್ಥೊಡಾಂಟಿಕ್ಸ್‌ನಲ್ಲಿ, ಅಂದರೆ ಹಲ್ಲು ಸರಿಪಡಿಸುವ ವಿಭಾಗದಲ್ಲಿ, ಎಂಡಿಎಸ್ ಅನ್ನುವ ಸ್ನಾತಕೋತ್ತರ ಪದವಿ ಮಾಡಿದ, ಕೈಗೆ ಸಿಗುವ ಡಾಕ್ಟರು. ದುಡ್ಡಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಹೋಗು. ಪಿಜಿ ಹುಡುಗರು ಮಾಡುತ್ತಾರೆ, ಪ್ರೊಫೆಸರ್ ತಲೆ ಮೇಲೆ ನಿಂತಿರುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಖರ್ಚು ಕಡಿಮೆ.

ಎರಡರಲ್ಲಿ ಯಾವುದೇ ಆದರೂ ಕೊನೆಗೆ ರಿಟೇನರ್ ತಪ್ಪಿದ್ದಲ್ಲ. ಹಲ್ಲು ಹಳೇ ಜಾಗಕ್ಕೆ ವಾಪಸು ಹೊರಡುತ್ತದೆ. ನಮ್ಮ ಅತ್ತಿಗೆ ಹೈಸ್ಕೂಲಿನಲ್ಲಿ ಕ್ಲಿಪ್ ಹಾಕಿಸಿ, ಪ್ಲೇಟನ್ನು ಬೀರುವಿನಲ್ಲಿಟ್ಟು ಮದುವೆಯಾಗಿ ಬಂದರು. ಈಗ ಹಲ್ಲು ಮೊದಲಿನ ಹಾಗೇ. ನನ್ನ ಕೆಳಗಿನ ಹಲ್ಲುಗಳ ಹಿಂದೆ ಸಣ್ಣ ತಂತಿ ಅಂಟಿಸಿದ್ದಾರೆ, ಮೇಲಿನದಕ್ಕೆ ರಾತ್ರಿ ತಟ್ಟೆ. ಹೆಂಡತಿ ಲೈಟ್ ಆರಿಸುವ ಮುಂಚೆ "ಹಾಕ್ಕೊಂಡ್ರಾ" ಅಂತ ಕೇಳುತ್ತಾಳೆ.

ಹಾಗಾಗಿ ನನ್ನ ಮಾತು ಫೋನಿನಲ್ಲಿ ಹೇಳಿದ್ದೇ: ನಿನಗೆ ತಂತಿ. ಎಕ್ಸ್‌ರೇ ನೋಡಿ ಡಾಕ್ಟರು ಅಲೈನರೂ ಆಗುತ್ತೆ ಅಂದರೆ, ಆಗ ಒಂದು ವಾರ ಬರೀ ಮೂರು ಟೀ ಕುಡಿದು ತೋರಿಸು, ನನ್ನ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ಸದ್ಯಕ್ಕೆ ಯಾವುದಕ್ಕೂ ಮುಂಗಡ ಕೊಡಬೇಡ. ದೀಪಾವಳಿಗೆ ಊರಿಗೆ ಬರುತ್ತೀಯಲ್ಲ, ಎಕ್ಸ್‌ರೇ ಹಿಡಿದುಕೊಂಡು ಬಾ, ಶಿವಮೊಗ್ಗಕ್ಕೆ ಒಟ್ಟಿಗೆ ಹೋಗಿ ಬರೋಣ. ಅಮ್ಮ ಈಗಲೇ ಚಕ್ಕುಲಿ ಹಿಟ್ಟಿನ ಮಾತಾಡುತ್ತಿದ್ದಾರೆ. ತಂತಿ ಬಿದ್ದ ಮೇಲೆ ಎರಡು ವರ್ಷ ಚಕ್ಕುಲಿ ಇಲ್ಲ, ಈ ಸಲ ನನ್ನ ಪಾಲಿನದನ್ನೂ ನೀನೇ ತಿನ್ನು.

ನಿನ್ನವನೇ,
ಸಾಗರದಿಂದ