ಅವಸರಕ್ಕೆ ಸಿಕ್ಕ ಅಮ್ಮನ ದನಿ

ಮಾನ್ಯರೇ,

ನಮ್ಮಮ್ಮನ ಗಮಕ ವಾಚನದ ಸಿ.ಡಿ.ಯನ್ನು ಜಯನಗರದ ಅಂಗಡಿಯೊಂದರಲ್ಲಿ ನಾಲ್ಕೇ ನಿಮಿಷದಲ್ಲಿ ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟರು. ಮನೆಗೆ ಬಂದು ಕೇಳಿದರೆ ಮೂರನೇ ಪದ್ಯದಲ್ಲಿ ‘ಟಕ್ ಟಕ್’ ಸದ್ದು, ಅದೂ ಅಮ್ಮ ಸ್ವರ ಎಳೆಯುವ ಜಾಗದಲ್ಲೇ. ಆಡಿಯೊ ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿನ ದನಿಗೆ 44,100 ಮಾದರಿಗಳು, ಅಂದರೆ ದನಿಯನ್ನು ಅಳೆದಿಟ್ಟ ಅಂಕಿಗಳು. ಗೀರು ಬಿದ್ದೆಡೆ ಓದಲಾಗದಿದ್ದರೆ ಡ್ರೈವ್ ಅಕ್ಕಪಕ್ಕದ್ದನ್ನು ನೋಡಿ ಅಂದಾಜಿನಲ್ಲಿ ತುಂಬಿಬಿಡುತ್ತದೆ, ಕಡತಗಳನ್ನಿಡುವ ಡೇಟಾ ಸಿ.ಡಿ.ಗಿರುವ ಹೆಚ್ಚುವರಿ ತಪ್ಪು ತಿದ್ದುವ ಪದರ ಆಡಿಯೊ ಸಿ.ಡಿ.ಗಿಲ್ಲ. ಸಿ.ಡಿ.ಯನ್ನು ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಕಂಪ್ಯೂಟರ್ ತಂತ್ರಾಂಶದ ಸೆಕ್ಯೂರ್ ಮೋಡ್‌ನಲ್ಲಿ ನಾನೇ ಮತ್ತೆ ಇಳಿಸಿದೆ. ಅದು ಓದಿದ್ದನ್ನೇ ಮತ್ತೆ ಓದಿ ತಾಳೆ ನೋಡುತ್ತದೆ. ಒಂದೂಕಾಲು ಗಂಟೆ ಹಿಡಿಯಿತು, ಪದ್ಯ ಪೂರ್ತಿ ಬಂತು. ಅಂಗಡಿಯವರೇ, ಬೇಕಾದರೆ ಇನ್ನೈವತ್ತು ರೂಪಾಯಿ ತೆಗೆದುಕೊಳ್ಳಿ, ಮನೆಯವರ ದನಿಯನ್ನು ನಿಧಾನವಾಗಿ ಇಳಿಸಿಕೊಡಿ.

– ನಿವೃತ್ತ ಶಿಕ್ಷಕಿ, ಬಸವನಗುಡಿ, ಬೆಂಗಳೂರು