ಕಡಿಮೆ ಬೆಲೆಯ ಪಾಲಿಮರ್ ಪಿಸ್ತೂಲು ಕೊಳ್ಳಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಹೆಸರಾಂತ ಪಿಸ್ತೂಲುಗಳ ಅರ್ಧ ಬೆಲೆಗೆ ಸಿಗುವ, ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಫುಲ್‌ಸೈಜ್ ಪಿಸ್ತೂಲು ನಂಬಿಕೆಗೆ ತಕ್ಕದ್ದೇ ಎಂದು ಕೇಳಿದ್ದೀಯ. ತಕ್ಕದ್ದೇ. ಆದರೆ ತಯಾರಕರು ದುಡ್ಡು ಎಲ್ಲಿ ಉಳಿಸಿದ್ದಾರೆ ಎಂದು ತಿಳಿದುಕೊಂಡು ಕೊಳ್ಳಬೇಕು. ನನ್ನ ಬಳಿ ಇರುವುದೂ ಅಂಥದ್ದೇ: 9 ಮಿಲಿಮೀಟರ್, ನಾಲ್ಕು ಇಂಚಿಗೆ ತುಸು ಹೆಚ್ಚಿನ ಬ್ಯಾರೆಲ್, ಖಾಲಿ ಇದ್ದಾಗ 700 ಗ್ರಾಂ ಆಸುಪಾಸಿನ ತೂಕ, ಮ್ಯಾಗಜೀನ್‌ಗೆ 17 ಗುಂಡು.

ಅರ್ಧ ಬೆಲೆಗೆ ಸಿಗುವುದಕ್ಕೆ ಪಾಲಿಮರ್ ಒಂದೇ ಕಾರಣವಲ್ಲ, ಹೆಸರಾಂತ ತಯಾರಕರೂ ಅದನ್ನು ಬಹಳ ಹಿಂದಿನಿಂದ ಬಳಸುತ್ತಿದ್ದಾರೆ. ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿಯ ಪಾಲಿಮರ್ ಪಿಸ್ತೂಲು ವಿಪಿ70 ಬಂದದ್ದು 1970ರಲ್ಲಿ. 1982ರಲ್ಲಿ ಆಸ್ಟ್ರಿಯದ ಸೇನೆ ಪಾಲಿಮರ್ ಫ್ರೇಮಿನ ಗ್ಲಾಕ್ 17 ಅನ್ನು ಆರಿಸಿಕೊಂಡಿತು. ಸ್ಲೈಡ್, ಅಂದರೆ ಪ್ರತಿ ಹೊಡೆತಕ್ಕೂ ಹಿಂದೆಮುಂದೆ ಸರಿಯುವ ಮೇಲ್ಭಾಗ, ಓಡುವುದು ಫ್ರೇಮಿನೊಳಗೆ (ಹಿಡಿಕೆ ಇರುವ ಕೆಳಚೌಕಟ್ಟು) ಕೂರಿಸಿದ ಉಕ್ಕಿನ ಹಳಿಗಳ ಮೇಲೆ, ಪ್ಲಾಸ್ಟಿಕ್ ಮೇಲಲ್ಲ. ಬ್ಯಾರೆಲ್ ಕೂಡ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. 10 ಮೀಟರಿನಲ್ಲಿ ಗುಂಡು ಚದುರಿದರೆ ಮೊದಲು ಬೆರಳನ್ನು ಅನುಮಾನಿಸು. ಉಳಿತಾಯ ಆಗಿರುವುದು ಟ್ರಿಗರ್‌ನ ನಯದಲ್ಲಿ, ಗುರಿ ನೋಡುವ ಪ್ಲಾಸ್ಟಿಕ್ ಸೈಟ್‌ಗಳಲ್ಲಿ, ಸ್ಪ್ರಿಂಗ್‌ಗಳಲ್ಲಿ, ಮೇಲ್ಮೈ ಲೇಪನದಲ್ಲಿ. ಸೈಟ್ ಸವೆದರೆ ಉಕ್ಕಿನದು ಹಾಕಿಸಿಕೊಳ್ಳಬಹುದು, ಅದು ದೊಡ್ಡ ವಿಷಯವಲ್ಲ.

ಟ್ರಿಗರ್ ದೊಡ್ಡ ವಿಷಯ. ಎಳೆತ ಎರಡೂವರೆ ಮೂರು ಕಿಲೋ ಇರುತ್ತದೆ. ಮೊದಲು ಸಡಿಲ, ಆಮೇಲೆ ಗೋಡೆಯಂತೆ ಒಂದು ತಡೆ, ಅದರಾಚೆ ತುಸು ಮರಳುಮರಳಾಗಿ ಜಾರಿ ಬಿಡುಗಡೆ. ತಡೆ ಸಿಕ್ಕಲ್ಲಿ ಬೆರಳನ್ನು ಜರ್ಕ್ ಮಾಡಿದರೆ ಬಲಗೈಯವರ ಗುಂಡು ಎಡಕ್ಕೆ, ಕೆಳಕ್ಕೆ ಬೀಳುತ್ತದೆ. ಅದಕ್ಕೆ ಮದ್ದು ಖಾಲಿ ಪಿಸ್ತೂಲಿನ ಅಭ್ಯಾಸ: ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಚೇಂಬರನ್ನು (ಬ್ಯಾರೆಲ್ಲಿನ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಕಣ್ಣಿಂದಲೂ ಬೆರಳಿಂದಲೂ ನೋಡಿ, ಗುಂಡು ತಡೆಯಬಲ್ಲ ಗೋಡೆಯತ್ತ ಮಾತ್ರ ಗುರಿಯಿಡು. ಮುಂದಿನ ಸೈಟ್‌ನ ಹಿಂದೆ ಸ್ಲೈಡ್ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆ. ದಯವಿಟ್ಟು ಒಳಗಿನ ಭಾಗಗಳನ್ನು ಉಜ್ಜಿ ನಯ ಮಾಡಲು ಹೋಗಬೇಡ. ಟ್ರಿಗರ್ ಎಳೆಯುವವರೆಗೆ ಸ್ಟ್ರೈಕರನ್ನು (ಗುಂಡಿನ ಹಿಂಬದಿಗೆ ಬಡಿಯುವ ಕಡ್ಡಿ) ತಡೆದಿಡುವ ಸಿಯರ್‌ನ ಹಿಡಿತ ಒಂದಿಷ್ಟು ಕಡಿಮೆಯಾದರೂ ಪಿಸ್ತೂಲು ಕೈಜಾರಿ ಬಿದ್ದಾಗ ಗುಂಡು ಹಾರಬಹುದು.

ಇನ್ನು ಹೊಡೆಯುವಾಗ ಪಿಸ್ತೂಲು ಸಿಕ್ಕಿಕೊಳ್ಳುವ ವಿಚಾರ. ಹೊಸತರಲ್ಲಿ 200 ಗುಂಡಾದರೂ ಹೊಡೆಯದೆ ಇದರ ಬಗ್ಗೆ ತೀರ್ಪು ಕೊಡಬೇಡ. ಖಾಲಿ ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ಕವಚ) ಹೊರಹೋಗುವ ಕಿಂಡಿಯಲ್ಲಿ ನೆಟ್ಟಗೆ ನಿಂತರೆ ಬಹುತೇಕ ಹಿಡಿತ ಸಡಿಲವಿದೆ ಎಂದರ್ಥ. ಸ್ಲೈಡ್ ಹಿಂದಕ್ಕೆ ಓಡುವಾಗ ಫ್ರೇಮ್ ನಿಂತಲ್ಲೇ ನಿಂತಿರಬೇಕು. ಹಗುರವಾದ ಫ್ರೇಮ್ ಮಣಿಕಟ್ಟಿನ ಜೊತೆ ತಾನೂ ಹಿಂದೆ ಸರಿದರೆ ಸ್ಲೈಡಿನ ಓಟ ಅಷ್ಟರಮಟ್ಟಿಗೆ ಕುಗ್ಗಿ, ಕೇಸ್ ಪೂರ್ತಿ ಚಿಮ್ಮುವುದಿಲ್ಲ. ಸ್ಲೈಡ್ ಮುಂದೆ ಬಂದು ಪೂರ್ತಿ ಮುಚ್ಚದೆ ಒಂದೆರಡು ಮಿಲಿಮೀಟರ್ ಬಾಕಿ ಇಟ್ಟು ನಿಂತರೆ ಕಾರಣ ಕೊಳೆ, ಒಣಗಿದ ಹಳಿ, ಇಲ್ಲವೇ ಸ್ಲೈಡನ್ನು ಕೈಹಿಡಿದು ಮೆಲ್ಲಗೆ ಮುಂದೆ ಕಳಿಸಿದ್ದು. ಎಳೆದು ಬಿಟ್ಟುಬಿಡಬೇಕು, ಸ್ಪ್ರಿಂಗ್ ತನ್ನ ಕೆಲಸ ಮಾಡುತ್ತದೆ. ಮ್ಯಾಗಜೀನ್‌ನಿಂದ ಚೇಂಬರಿಗೆ ಹೋಗುವಾಗ ಗುಂಡಿನ ಮೂತಿ ಕೆಳಗೆ ಕುಕ್ಕಿದರೆ ಮ್ಯಾಗಜೀನ್ ನೋಡು. ಪ್ರತಿ ಮ್ಯಾಗಜೀನ್‌ನ ತಳಕ್ಕೂ ಒಂದೊಂದು ಸಂಖ್ಯೆ ಬರೆದಿಡು. ತೊಂದರೆ ಒಂದೇ ಸಂಖ್ಯೆಯ ಬೆನ್ನು ಹತ್ತಿ ಬಂದರೆ ಪಿಸ್ತೂಲು ನಿರ್ದೋಷಿ. ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲದಿದ್ದರೆ, ನಿನ್ನ ಹೆಬ್ಬೆರಳು ಸ್ಲೈಡ್ ಸ್ಟಾಪ್ (ಸ್ಲೈಡನ್ನು ಹಿಂದೆ ತಡೆದಿಡುವ ಸನ್ನೆ) ಮೇಲೆ ಕೂತಿದೆಯೇ ನೋಡಿಕೋ.

ಎರಡು ಸಂದರ್ಭದಲ್ಲಿ ಅವಸರ ಬೇಡವೇ ಬೇಡ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಮೂತಿಯನ್ನು ಗುರಿಯತ್ತಲೇ ಇಟ್ಟು 30 ಸೆಕೆಂಡು ಕಾಯಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಸದ್ದು ಮಾಮೂಲಿಗಿಂತ ಸಪ್ಪೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ಬಿಚ್ಚಿ, ಬ್ಯಾರೆಲ್‌ನಲ್ಲಿ ಬೆಳಕು ಆರಪಾರ ಕಾಣುತ್ತದೆಯೇ ನೋಡು. ಒಳಗೆ ಗುಂಡು ಸಿಕ್ಕಿಕೊಂಡಿದ್ದರೆ ಮುಂದಿನದು ಬ್ಯಾರೆಲನ್ನೇ ಸಿಡಿಸಬಹುದು.

ಬಿಚ್ಚುವುದು ಸುಲಭ. ಅಪಾಯವೂ ಅಲ್ಲೇ ಇದೆ, ಏಕೆಂದರೆ ಇಂಥ ಹಲವು ಪಿಸ್ತೂಲುಗಳಲ್ಲಿ ಸ್ಲೈಡ್ ಕಳಚುವ ಮುನ್ನ ಟ್ರಿಗರ್ ಒತ್ತಬೇಕು. ಮೊದಲು ಮ್ಯಾಗಜೀನ್ ತೆಗೆ, ಆಮೇಲೆ ಚೇಂಬರ್ ಖಾಲಿ ಮಾಡು. ಈ ಕ್ರಮ ತಿರುಗುಮುರುಗಾದರೆ ಸ್ಲೈಡ್ ಮತ್ತೊಂದು ಗುಂಡನ್ನು ಚೇಂಬರಿಗೆ ತುಂಬಿರುತ್ತದೆ. ಎಣ್ಣೆ ಕಡಿಮೆ ಸಾಕು: ನಾಲ್ಕು ಹಳಿಗೂ ಒಂದೊಂದು ಹನಿ, ಬ್ಯಾರೆಲ್‌ನ ಹೊರಮೈಗೆ ಒಂದು ಹನಿ ಸವರಿ ಒರೆಸು. ಸ್ಟ್ರೈಕರ್ ಓಡುವ ಕೊಳವೆಗೆ ಮಾತ್ರ ಎಣ್ಣೆ ಬೇಡ. ಅಲ್ಲಿ ಎಣ್ಣೆ ಮಸಿಯ ಜೊತೆ ಸೇರಿ ಅಂಟಾಗಿ, ಸ್ಟ್ರೈಕರ್‌ನ ಪೆಟ್ಟು ಮೆತ್ತಗಾಗುತ್ತದೆ. ಪಾಲಿಮರ್‌ಗೆ ಅಸಿಟೋನ್ ತಾಗಿಸಬೇಡ. ಸೀಸದ ಮಸಿ ಇರುತ್ತದೆ, ಕೆಲಸ ಮುಗಿದ ಮೇಲೆ ತಣ್ಣೀರು, ಸೋಪಿನಿಂದ ಕೈ ತೊಳೆ.

ಉಳಿದ ಹಣದಲ್ಲಿ ಅಲಂಕಾರದ ಬಿಡಿಭಾಗ ಬೇಡ. ಅದೇ ತಯಾರಕರ ಎರಡು ಮೂರು ಮ್ಯಾಗಜೀನ್, ಒಳ್ಳೆಯ ಕಿವಿಗವಸು, ಕನ್ನಡಕ, ಬೀಗದ ಪೆಟ್ಟಿಗೆ, ಮಿಕ್ಕಿದ್ದಕ್ಕೆಲ್ಲ ಗುಂಡು. 115 ಮತ್ತು 124 ಗ್ರೇನ್ (ಗುಂಡಿನ ತೂಕದ ಅಳತೆ) ಎರಡನ್ನೂ ಹೊಡೆದು ನೋಡು. ಹೊಸ ಗಟ್ಟಿ ಸ್ಪ್ರಿಂಗ್ ಇರುವಾಗ 124 ಹೆಚ್ಚು ಸಲೀಸಾಗಿ ಓಡುವುದುಂಟು. ಜೊತೆಗೆ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯ್ಲ್ ಸ್ಪ್ರಿಂಗ್ ಒಂದನ್ನು ತೆಗೆದಿಡು, ಸಾಮಾನ್ಯವಾಗಿ 3,000ದಿಂದ 5,000 ಗುಂಡಿನೊಳಗೆ ಬದಲಿಸಬೇಕಾಗುತ್ತದೆ. ಅದು ಸೋತಿದೆಯೇ ತಿಳಿಯಲು, ಖಾಲಿ ಎಂದು ಖಚಿತಪಡಿಸಿಕೊಂಡ ಪಿಸ್ತೂಲಿನ ಮೂತಿಯನ್ನು ಸುರಕ್ಷಿತ ದಿಕ್ಕಿನಲ್ಲಿ ಓರೆಯಾಗಿ ಮೇಲಕ್ಕೆ ಹಿಡಿದು, ಟ್ರಿಗರ್ ಒತ್ತಿಕೊಂಡೇ ಸ್ಲೈಡನ್ನು ಹಿಂದಕ್ಕೆಳೆದು ಮೆಲ್ಲಗೆ ಬಿಡು. ಈ ಪರೀಕ್ಷೆಗೆ ಮಾತ್ರ ಮೆಲ್ಲಗೆ. ತಾನಾಗಿ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಹೊಸ ಸ್ಪ್ರಿಂಗ್ ಹಾಕು.

ನಿನ್ನವ